ಮಕ್ಕಳ ಟಿಕೆಟ್

"ಗೆದ್ವಿ ಕಣೇ! ಇವಳಿಗೆ ಇನ್ನೂ ಮಕ್ಕಳ ಟಿಕೆಟ್ಟೇ ಸಾಕು!" ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಗಂಡ ಕೂಗಿದ. ವಿದೇಶದ ಆ ಥೀಮ್ ಪಾರ್ಕಿನಲ್ಲಿ ಟಿಕೆಟ್ ಕೊಡುವುದು ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ. ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದ ಮಗಳು ಮುಖ ಸಣ್ಣದು ಮಾಡಿಕೊಂಡಳು. "ಹಾಗಾದ್ರೆ ದೊಡ್ಡ ರೋಲರ್ ಕೋಸ್ಟರ್ ಹತ್ತೋಕೆ ಬಿಡಲ್ವಾ ಅಪ್ಪಾ?"

"ಮುಂದಿನ ಸಲ ಹತ್ತುವಿಯಂತೆ ಪುಟ್ಟಿ. ಈ ಸಲ ಉಳಿದ ದುಡ್ಡಲ್ಲಿ ಪಾರ್ಕ್ ಪಕ್ಕದ ಹೋಟೆಲಲ್ಲೇ ಇಳ್ಕೊಳ್ಳೋಣ."

ಅಗ್ಗದ ವಿಮಾನ ಹುಡುಕುತ್ತ ಕೂತಿದ್ದ ಹೆಂಡತಿ ನಗುನಗುತ್ತಲೇ ಎದ್ದು ಬಂದಳು. ಗೆರೆಯ ಪಕ್ಕ ತಾರೀಕು ಬರೆಯಲು ಬಗ್ಗಿದರೆ ಅಲ್ಲಿ ಜಾಗವೇ ಇರಲಿಲ್ಲ. ಹೋದ ವರ್ಷದ ಹುಟ್ಟುಹಬ್ಬದ ತಾರೀಕು ಅವಳದೇ ಅಕ್ಷರದಲ್ಲಿ ಅಲ್ಲಿತ್ತು. ಹಳೆಯ ಗೆರೆಯ ಮೇಲೇ ಹೊಸದು ಕೂತಿತ್ತು.

"ರೀ, ಇನ್ನೊಂದ್ಸಲ ಅಳೀರಿ."

ಯಾಕೆ ಎಂದು ಕೇಳುತ್ತ ಬಗ್ಗಿದವನ ಕಣ್ಣು ಆ ತಾರೀಕಿನ ಮೇಲೆ ಬಿತ್ತು. ಮಗಳ ಹಿಮ್ಮಡಿಯನ್ನು ಚೌಕಟ್ಟಿಗೆ ಒತ್ತಿದ, ಗಲ್ಲ ಹಿಡಿದೆತ್ತಿದ. "ನೆಟ್ಟಗೆ ನಿಂತ್ಕೋ ಪುಟ್ಟಿ. ಇನ್ನೂ ನೆಟ್ಟಗೆ, ನಮ್ಮಮ್ಮ ಅಲ್ವಾ," ಎಂದು ಗೋಗರೆದ. ಪೆನ್ಸಿಲು ಮತ್ತೆ ಅಲ್ಲಿಗೇ ಬಂದು ನಿಂತಿತು.

"ಈಗ ಬೆಳೆದ್ನಾ?" ಎಂದಳು ಮಗಳು. ವರ್ಷವಿಡೀ ಅವಳ ಫ್ರಾಕು ಗಿಡ್ಡವಾಗಿರಲಿಲ್ಲ, ಶೂ ಬಿಗಿಯಾಗಿರಲಿಲ್ಲ. ಅಷ್ಟು ಖರ್ಚು ಉಳಿಯಿತೆಂದು ಹಿಗ್ಗಿ, ಆ ದುಡ್ಡನ್ನು ಪ್ರವಾಸಕ್ಕೆಂದು ಎತ್ತಿಟ್ಟವಳು ತಾಯಿಯೇ.