ಅಕ್ಕನ ಕೆಂಪು ಗಿಡ

ಯೂರಿಯಾದ ಘಾಟು ಮೂಗಿಗೆ ಬಡಿದರೆ ಇಂದಿಗೂ ನನಗೆ ಅಕ್ಕನ ಕುಂಡ ನೆನಪಾಗುತ್ತದೆ.

ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಚಳಿಗಾಲದಲ್ಲಿ ಮಾಸೂರು ಕೆರೆಯಂಚಿನಿಂದ ತಂದ, ನಶ್ಯದಷ್ಟು ಸಣ್ಣ ಬೀಜಗಳನ್ನು ಮುಂಗಾರಿಗೆ ಕುಂಡದ ಮರಳಿನಲ್ಲಿ ಬಿತ್ತಿದ್ದಳು. ಬರೀ ಮಳೆನೀರನ್ನೇ ಕೊಟ್ಟು ಜೋಪಾನ ಮಾಡಿದರೂ ಎದ್ದದ್ದು ಒಂದೇ ಗಿಡ. ರೂಪಾಯಿ ನಾಣ್ಯದಷ್ಟು ಅಗಲ, ಕೆಂಪು ಬಣ್ಣ, ಎಲೆಯ ಕೂದಲಿನ ತುದಿಗೆಲ್ಲ ಅಂಟಿನ ಹನಿ. ಆ ಅಂಟಿಗೆ ಸಿಕ್ಕ ಹುಳವೇ ಅದರ ಊಟ; ಬೇರಿಗೆ ಗೊಬ್ಬರ ಸೋಕಿದರೆ ಸುಟ್ಟುಹೋಗುತ್ತದೆ. ಸೋಮವಾರ ಅದನ್ನು ಕಾಲೇಜಿನಲ್ಲಿ ತೋರಿಸಬೇಕಿತ್ತು.

ಅಕ್ಕ ಗೆಳತಿಯ ಮದುವೆಗೆಂದು ಹಾನಗಲ್ಲಿಗೆ ಹೋದ ದಿನ, ಅಪ್ಪ ಪಡಸಾಲೆಯ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಹತ್ತಿ ಎಲಿ ಹಿಂಗ ಕೆಂಪಾದ್ರ ಯೂರಿಯಾ ಬೇಡತೈತಿ. ಪಾಪ, ಹಸದೈತಿ ಇದು," ಎಂದು ಒಂದು ಚಿಟಿಕೆ ಉದುರಿಸಿದ.

"ಗೊಬ್ಬರ ಹಾಕಬ್ಯಾಡ ಅಂತ ಅಕ್ಕ ಹೇಳ್ಯಾಳಪ್ಪಾ!"

"ಉಣ್ಣಲಾರದ ಬೆಳಿ ಎಲ್ಲ್ಯಾರ ಐತೇನು?"

ಮೂರನೆಯ ಮಧ್ಯಾಹ್ನಕ್ಕೆ ಹನಿಗಳೆಲ್ಲ ಇಂಗಿ, ಬೀಜ ಕಟ್ಟುವ ಮೊದಲೇ ಗಿಡ ಕಪ್ಪಾಗಿ ಮೆತ್ತಗಾಗಿತ್ತು. ಅಪ್ಪ ಹೊಲಕ್ಕೆ ಹೋಗಲಿಲ್ಲ. ಕಂಬಕ್ಕೆ ಒರಗಿ ಬಾಗಿಲನ್ನೇ ನೋಡುತ್ತಿದ್ದ.

ಅಕ್ಕ ಬಂದವಳೇ ಕುಂಡದತ್ತ ಬಗ್ಗಿದಳು. ಚಿಟಿಕೆ ಮರಳು ತೆಗೆದು ಮೂಸಿದಳು. ನನ್ನನ್ನು ನೋಡಿದಳು. ನಾನು ಲಂಗದ ಅಂಚು ಬಿಗಿಹಿಡಿದು ನೆಲ ನೋಡಿದೆ. ಅಪ್ಪನನ್ನು ನೋಡಿದಳು. ಅವನ ಬಲಗೈ ಮೆಲ್ಲಗೆ ಬೆನ್ನ ಹಿಂದೆ ಸರಿಯಿತು.

"ಬಿಸಲಿಗೆ ಬಾಡೇತಿ ಬಿಡಪ್ಪಾ," ಎಂದಳು ಅಕ್ಕ.

ಅವಳ ಕೊಡೆಯಿಂದ ಇನ್ನೂ ಮಳೆನೀರು ಸೋರುತ್ತಿತ್ತು.