ಜೀನಿನ ಕೆಳಗಿನ ಮೆತ್ತೆ

ಬೆನ್ನಿಗೆ ಜೀನು ತಾಗಿದರೆ ಸಾಕು, ಚಾಂದನಿ ಬೆನ್ನು ಕುಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದಳು. ಸಂಜೆ ಮದುಮಗನನ್ನು ಹೊತ್ತು ಮೆರವಣಿಗೆ ಹೋಗಬೇಕಾದ ಕುದುರೆ. ಅವಳ ಮಾಲೀಕ ಫಕೀರಪ್ಪ ಓಡಿಹೋಗಿ ದನದ ಡಾಕ್ಟರಮ್ಮನನ್ನು ಕರೆತಂದ.

"ಗೊರಸು ಚಲೋ ಅದಾವು, ಲಾಳಾನೂ ಸರಿ ಅದಾವು. ಭಾಳ ದಪ್ಪ ಮಂದೀನ ಕೂಡಿಸ್ತೀರೇನು?"

"ಇಲ್ಲರೀ ಮೇಡಂ. ಹೊಟ್ಟ್ಯಾಗ ಹುಟ್ಟಿದ ಮಗಳಂಗ ನೋಡ್ಕೊಂಡೀನಿ."

ಡಾಕ್ಟರಮ್ಮ ಜೀನನ್ನು ಬೋರಲು ಹಾಕಿ, ಅದರಡಿಯ ಮೆತ್ತೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಗಟ್ಟಿಯಾದದ್ದೇನೋ ಸಿಕ್ಕಿತು. ಹೊಲಿಗೆ ಬಿಚ್ಚಿದರೆ ತಾಮ್ರದ ತಾಯಿತ. ಅದರ ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಎಣಿಸಿದರೆ ಒಟ್ಟು ಒಂಬತ್ತು.

"ಇವನ್ನೆಲ್ಲ ಇದರಾಗ ಯಾಕ ಹೊಲ್ದೀರಿ?"

"ಅಕಿ ಬೆನ್ನುನೋವಿಗೇರಿ," ಎಂದ ಫಕೀರಪ್ಪ. "ನೋವು ಜಾಸ್ತಿ ಆದಂಗೆಲ್ಲ ಒಂದೊಂದು ಸೇರಿಸ್ಕೋತ ಬಂದೀನಿ."