ಇನ್ನು ನಾಲ್ಕೇ ಅಂಕ

“ಇನ್ನು ನಾಲ್ಕೇ ನಾಲ್ಕು ಅಂಕ!” ಅಮ್ಮ ಮತ್ತೆ ಶುರು ಹಚ್ಚಿಕೊಂಡಳು.

ಅಕ್ಕ ಆಗಷ್ಟೇ ಲಾಂಡ್ರಿಯಿಂದ ಬಂದು ಗೋಡೆಗೆ ಒರಗಿದ್ದಳು. ಬೆಳಗಿನಿಂದ ನಿಂತೇ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಕಾಲುಗಳು ಮರಗಟ್ಟಿದ್ದವು. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ತಂಗಿಗೆ ಇನ್ನೂರಕ್ಕೆ ನೂರ ತೊಂಬತ್ತಾರು ಬಂದು ವಾರವಾಗಿತ್ತು. ಬೀದಿಯಲ್ಲಿ ಅಮ್ಮ ಅದನ್ನು ಸಾರದ ಮನೆಯಿರಲಿಲ್ಲ. ಈಗ ಉಳಿದ ನಾಲ್ಕು ಅಂಕ ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿದ್ದವು.

“ಬಂದಿರೋದಕ್ಕೇ ಒಳ್ಳೇ ಕಾಲೇಜು ಸಿಗುತ್ತಲ್ಲಮ್ಮ,” ಎಂದಳು ಅಕ್ಕ.

“ಒಳ್ಳೇದು ಬೇರೆ, ಎಲ್ಲಕ್ಕಿಂತ ಒಳ್ಳೇದು ಬೇರೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆ, ಇನ್ನೊಂದ್ಸಲ ಬರೀಲಿ. ಕಮ್ಮಿ ಬಂದ್ರೂ ಹಳೇ ಅಂಕ ಎಲ್ಲಿಗೂ ಓಡಿಹೋಗಲ್ಲ.”

“ಮತ್ತೆ ಮೂರು ತಿಂಗಳು ಓದೋರು ಯಾರು?”

“ಓದೋಳೇ ಸುಮ್ನಿದಾಳೆ, ನಿಂಗ್ಯಾಕೆ ಹೊಟ್ಟೆಉರಿ?”

ತಂಗಿ ತಲೆ ತಗ್ಗಿಸಿದಳು. “ನೂರ ತೊಂಬತ್ತಾರೇ ನಂಗೆ ಜಾಸ್ತಿ ಆಯ್ತಮ್ಮ.”

“ನೋಡಿದ್ಯಾ, ಎಷ್ಟು ವಿನಯ!” ಎಂದು ಅಮ್ಮ ಹಿಗ್ಗಿದಳು.

ತಂಗಿ ಎಂದರೂ ಹನ್ನೊಂದು ನಿಮಿಷಕ್ಕೆ ಚಿಕ್ಕವಳು, ಅಷ್ಟೇ. ಆ ಹನ್ನೊಂದು ನಿಮಿಷದ ದೊಡ್ಡಸ್ತಿಕೆಗೆ ಅಕ್ಕ ತೆತ್ತದ್ದು ಕಡಿಮೆಯಲ್ಲ. ಶಾಲೆ ಮುಗಿದಾಗ ಇಬ್ಬರಲ್ಲಿ ಒಬ್ಬಳು ದುಡಿಯಲೇಬೇಕಾಗಿ ಬಂತು. “ದೊಡ್ಡೋಳು ಗಟ್ಟಿಗಿತ್ತಿ” ಎಂದು ಅಮ್ಮ ಎರಡನೇ ಮಾತಿಲ್ಲದೆ ತೀರ್ಮಾನಿಸಿಬಿಟ್ಟಳು. ಚಿಕ್ಕವಳೋ, ಪ್ರಶ್ನೆಪತ್ರಿಕೆ ಕಂಡರೆ ಕೈಕಾಲು ನಡುಗುವ ಪುಕ್ಕಲು ಹುಡುಗಿ. ಹಾಗಾಗಿ ದಿನಾ ಸಂಜೆ ಅವಳ ಪುಸ್ತಕ ಬಿಡಿಸಿಕೊಂಡು ಕೂರುವುದೂ ಅಕ್ಕನ ಪಾಲಿಗೇ ಬಂದಿತ್ತು. ಮೊದಮೊದಲು ಅಕ್ಕನಿಗೆ ಅಳು ಬರುತ್ತಿತ್ತು. ಈಗ ಅಳುವುದಕ್ಕೂ ಸುಸ್ತು. ಇನ್ನೊಂದು ಸಲ ಎಂದರೆ ಇನ್ನೂ ಮೂರು ತಿಂಗಳ ಬದುಕು ತಂಗಿಗೆ ಮುಡಿಪು. ಅವಳಿಗೆ ಸಾಕುಸಾಕಾಗಿತ್ತು.

ಅಮ್ಮ ಮಾತ್ರ ಪಟ್ಟು ಬಿಡಲಿಲ್ಲ. ಊಟಕ್ಕೆ ಕೂತರೆ ಅದೇ, ಏಳುವಾಗಲೂ ಅದೇ.

“ಆಯ್ತಮ್ಮ, ಅರ್ಜಿ ನಾನೇ ತುಂಬ್ತೀನಿ,” ಎಂದಳು ಅಕ್ಕ ಕೊನೆಗೆ.

ಪರೀಕ್ಷೆಯ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಟರು. ಗೇಟಿನ ಬಳಿ ತಂಗಿ ಅಕ್ಕನ ಕೈ ಹಿಡಿದುಕೊಂಡಳು. “ನಿಂಗೆ ಎಷ್ಟೊಂದು ತೊಂದ್ರೆ ಕೊಟ್ಟೆ ಅಲ್ವಾಕ್ಕಾ?”

“ಇದೇ ಕೊನೆ, ಬಿಡು.”

ಕಾವಲುಗಾರ ಹಾಲ್ ಟಿಕೆಟ್ಟಿನ ಫೋಟೋ ನೋಡಿದ, ಎದುರಿಗಿದ್ದ ಎರಡು ಮುಖ ನೋಡಿದ, ಕಣ್ಣುಜ್ಜಿಕೊಂಡ. ಒಬ್ಬಳು ಒಳಗೆ ಹೋದಳು. ಇನ್ನೊಬ್ಬಳು ಎದುರಿನ ಕಟ್ಟೆಯ ಮೇಲೆ ಕುಳಿತಳು.

ಗಂಟೆ ಹೊಡೆಯಿತು. ಮೇಲ್ವಿಚಾರಕಿ ಉತ್ತರಪತ್ರಿಕೆ ಹಂಚುತ್ತ ಬಂದರು.

ಕಳೆದ ಸಲ ತಂಗಿಯ ಹೆಸರು ಬರೆದಿದ್ದ ಜಾಗದಲ್ಲಿ ಅಕ್ಕ ಈ ಸಲ, ಹಾಲ್ ಟಿಕೆಟ್ಟಿನಲ್ಲಿ ಇದ್ದಂತೆಯೇ, ತನ್ನ ಹೆಸರು ಬರೆದಳು.